ಅಂಕಿಗೆ ಯಾವ ಭಾಷೆ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅದು ಭಾಷೆಯ ತಪ್ಪು. ಅಪ್ಪ, ಅವ್ವ ವಿಜಯಪುರದ ಕಡೆಯವರು. ಅಕ್ಕನೂ ನಾನೂ ಹುಟ್ಟಿ ಬೆಳೆದದ್ದು ಪುಣೆಯ ಕಾತ್ರಜದಲ್ಲಿ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಟಿವಿ ಹಚ್ಚಿದರೆ ಹಿಂದಿ. ಅಕ್ಕ ಒಮ್ಮೆ ಮನೆಗೆ ಬಂದ ನೆಂಟರ ಚಹಾಕ್ಕೆ ಉಪ್ಪು ಸುರಿದು, "ಮರಾಠಿ ಒಳಗ ಮೀಠ ಅಂದ್ರ ಉಪ್ಪು, ಹಿಂದಿ ಒಳಗ ಮೀಠಾ ಅಂದ್ರ ಸಿಹಿ. ಡಬ್ಬಿ ಮ್ಯಾಲ ಮೀಠ ಅಂತ ಬರದಿಟ್ರ ನಾ ಏನ್ ಮಾಡ್ಲಿ?" ಎಂದು ವಾದ ಮಾಡಿ ಪಾರಾಗಿದ್ದಳು. ನೆಂಟರೂ ನಕ್ಕು ಇನ್ನೊಂದು ಕಪ್ಪು ಕುಡಿದು ಹೋದರು.

ನನ್ನ ತಪ್ಪುಗಳೂ ಇದೇ ಲೆಕ್ಕಕ್ಕೆ ಸೇರುತ್ತಿದ್ದವು. ಚಳಿಗಾಲದಲ್ಲಿ ಅವ್ವ ರಂಜಕ ಮಾಡುತ್ತಾಳೆ, ಹಣ್ಣಾದ ಮೆಣಸಿನಕಾಯಿ ರುಬ್ಬಿ ಇಡುವ ಕೆಂಪು ಚಟ್ನಿ. "ಹಣ್ಣ ಮೆಣಸಿನಕಾಯಿ ತೊಗೊಂಬಾ" ಎಂದು ಕಾಯಿಪಲ್ಯದ ಮಂಡಿಗೆ ಕಳಿಸಿದರೆ ನಾನು ಚೀಲದ ತುಂಬ ಹಸಿಮೆಣಸಿನಕಾಯಿ ಹೊತ್ತು ತರುತ್ತಿದ್ದೆ. "ಮರಾಠಿ ಕಲ್ತು ಕನ್ನಡ ಮರತ ನೋಡ ನನ್ನ ಮಗ. ಹಸಿ ಯಾವುದು, ಹಣ್ಣ ಯಾವುದು, ಒಂದೂ ತಿಳಿವಲ್ದು ಇವಗ" ಎಂದು ಅವ್ವ ಓಣಿಗೆಲ್ಲ ಹೇಳುತ್ತಿದ್ದಳು. ಶಾಲೆಯಲ್ಲಿ ಬಾಯಿಗಳು, ಅಂದರೆ ನಮ್ಮ ಟೀಚರು, ಹಿರವಾ ಪೆನ್ಸಿಲ್ ತೆಗೆ ಅಂದರೆ ನಾನು ಯಾವುದೋ ಒಂದನ್ನು ತೆಗೆಯುತ್ತಿದ್ದೆ. ಹಿರವಾ ಅಂದರೆ ಹಸಿರು. "ಮನೆಯಲ್ಲಿ ಕಾನಡಿ ಮಾತಾಡ್ತಾರಲ್ಲ, ಪಾಪ, ಗೊಂದಲ ಆಗ್ತದೆ" ಎಂದು ಅವರು ನನ್ನ ತಲೆ ಸವರುತ್ತಿದ್ದರು. ಮನೆಯವರು ಮರಾಠಿಯ ಮೇಲೆ ಹಾಕಿದರು, ಶಾಲೆಯವರು ಕನ್ನಡದ ಮೇಲೆ ಹಾಕಿದರು. ನಾನು ಇಬ್ಬರನ್ನೂ ನಂಬಿದೆ.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಹನ್ನೆರಡನೆಯ ತರಗತಿ ಮುಗಿಸಿ ಸೈನ್ಯಕ್ಕೆ ಸೇರಬೇಕೆಂದು ಹೊರಟಾಗ ನನಗೆ ನನ್ನ ಕಾಲಿನ ಚಿಂತೆ ಇತ್ತು, ಎದೆಯ ಅಳತೆಯ ಚಿಂತೆ ಇತ್ತು, ಇಂಗ್ಲಿಷಿನ ಚಿಂತೆಯಂತೂ ಬೇಕಾದಷ್ಟಿತ್ತು. ಕಣ್ಣಿನ ಚಿಂತೆ ಒಂದು ದಿನವೂ ಇರಲಿಲ್ಲ. ಗುಡ್ಡದ ಮೇಲಿನ ಮೇಕೆ ಎಣಿಸುವ ಕಣ್ಣು ನನ್ನದು.

ಸೈನ್ಯದ ಹುಚ್ಚು ಹತ್ತಿದ್ದು ಅಪ್ಪನಿಂದ. ಅವನು ಹಿಂಜವಾಡಿಯ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಾನೆ. ಒಂದು ಸಲ ರಜೆಯಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತು ಹೋಗಿದ್ದೆ. ಟ್ರಾಫಿಕ್ಕಿನಲ್ಲಿ ಸಿಕ್ಕು ತಡವಾಗಿತ್ತು. ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡವನೊಬ್ಬ, ಅಕ್ಕನಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಹತ್ತುತ್ತಲೇ ಬಯ್ಯಲು ಸುರು ಮಾಡಿದ. ಅಪ್ಪ ಕನ್ನಡಿಯಲ್ಲಿ ಅವನ ಮುಖ ನೋಡಿ, ತಪ್ಪಾಯಿತು ಸರ್, ಮಾಫ್ ಮಾಡಿ ಸರ್ ಎಂದು ಮೂರು ಸಲ ಹೇಳಿದ. ಅವನು ಇಳಿದ ಮೇಲೆ "ನಿನ್ನ ತಪ್ಪು ಏನಿತ್ತಪಾ?" ಎಂದು ಕೇಳಿದೆ. "ಅವನ ಮ್ಯಾಲೂ ಯಾರೋ ಒದರತಾರ. ಅವ ಎಲ್ಲಿ ಒದರಬೇಕು?" ಎಂದ ಅಪ್ಪ. ಇಂಥ ಒಳ್ಳೆಯತನ ಕಂಡರೆ ನನಗೆ ಆಗಲೂ ಸಿಟ್ಟು, ಈಗಲೂ ಸಿಟ್ಟು.

ಅದೇ ವರ್ಷ ನಮ್ಮ ಓಣಿಯ ಮರಾಠಿ ಹುಡುಗನೊಬ್ಬ ಸೈನ್ಯದಿಂದ ರಜೆಗೆ ಬಂದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೆಲ್ಲ ಎದ್ದು ನಿಂತರು. ಅಪ್ಪನೂ ಎದ್ದು ತನ್ನ ಕುರ್ಚಿ ಅವನ ಕಡೆ ಸರಿಸಿದ. ಅವನು ಅಪ್ಪನ ಭುಜ ಹಿಡಿದು, "ಕಾಕಾ, ನೀವು ಮೊದಲು ಕೂಡ್ರಿ" ಎಂದು ಮರಾಠಿಯಲ್ಲಿ ಹೇಳಿ, ಅಪ್ಪ ಕೂತ ಮೇಲೇ ತಾನು ಕೂತ. ಅಪ್ಪನ ಮುಖದಲ್ಲಿ ಅಂಥ ನಗೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ನಗೆ ನಮ್ಮ ಮನೆಗೆ ಬರಬೇಕು ಅನ್ನಿಸಿತು. ನಾನು ಸೈನಿಕನಾದರೆ ಅಪ್ಪನನ್ನು ಯಾರೂ ಗದರಿಸುವುದಿಲ್ಲ ಎಂದು ಲೆಕ್ಕ ಹಾಕಿದೆ. ಹದಿನೇಳರ ಹುಡುಗನ ಲೆಕ್ಕ, ಆದರೆ ಈಗ ತಿರುಗಿ ನೋಡಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಅವ್ವ ಒಪ್ಪಲಿಲ್ಲ. "ನಾಕ ವರ್ಷ ಇಟ್ಕೊಂಡು ಮನಿಗೆ ಕಳಸ್ತಾರಂತಲ್ಲೋ. ಆಮ್ಯಾಲ?"

"ಎಲ್ಲಾರನೂ ಕಳಸೂದಿಲ್ಲ. ಛಲೋ ಇದ್ದವ್ರನ್ನ ಇಟ್ಕೋತಾರ."

"ನೀ ಛಲೋ ಅದೀ ಅಂತ ಅವ್ರಿಗೆ ಯಾರು ಹೇಳ್ಯಾರ?"

ಅಕ್ಕ ಒಳಗಿನಿಂದ, "ಅವಗ ಬಂದೂಕ ಕೊಟ್ರ ಮೊದಲ ನಮ್ಮ ಕಡೆನ ತಿರುಗಿಸ್ತಾನ" ಎಂದಳು. ಅಪ್ಪ ಮಾತ್ರ ಮರುದಿನ ಓಡುವ ಬೂಟು ತಂದು ಬಾಗಿಲ ಹಿಂದೆ ಇಟ್ಟಿದ್ದ, ಅಷ್ಟೇ.

ಕಾತ್ರಜದ ಘಾಟಿನ ಬುಡದಲ್ಲಿ ಸೈನ್ಯದ ಭರ್ತಿಗೆ ತಯಾರು ಮಾಡುವ ಒಂದು ಅಕಾಡೆಮಿ. ಹೆಸರು ದೊಡ್ಡದು, ಇದ್ದದ್ದು ಒಂದು ಬೋಳು ಮೈದಾನ, ಎರಡು ಕಬ್ಬಿಣದ ಕಂಬ, ಒಂದು ಹಾರುವ ಗುಂಡಿ. ಕಲಿಸುವವರು ಒಬ್ಬ ನಿವೃತ್ತ ಹವಾಲ್ದಾರರು, ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಮರಾಠಿಯವರು. ಬೈಗುಳದಲ್ಲಿ ಮಾತ್ರ ದೇಶದ ಎಲ್ಲ ಭಾಷೆಗಳನ್ನೂ ಸಮನಾಗಿ ಕಾಣುವವರು. ಬೆಳಗಿನ ಜಾವ ಘಾಟಿನ ಕಡೆ ಓಟ, ಸಾತಾರಾ ಕಡೆಯಿಂದ ಬರುವ ಕರ್ನಾಟಕದ ಬಸ್ಸುಗಳು ಎದುರಾಗುವ ಹೊತ್ತಿಗೆ ನಾವು ಏದುಸಿರಲ್ಲಿ ತಿರುಗಿ ಬರಬೇಕು. ಮೊದಮೊದಲು ಗಟಾರದ ಪಕ್ಕ ಕೂತು ವಾಂತಿ ಮಾಡುತ್ತಿದ್ದೆ. ಉಸ್ತಾದ್ ಬೆನ್ನು ಚಪ್ಪರಿಸಿ, ಹೊಟ್ಟೆ ಖಾಲಿಯಾಯಿತಲ್ಲ, ಈಗ ಹಗುರಾಗಿ ಓಡು ಅನ್ನುತ್ತಿದ್ದರು.

ದಿನಕ್ಕೆ ನಾಲ್ಕು ತತ್ತಿ ತಿನ್ನಬೇಕು ಎಂದು ಅವರ ಅಪ್ಪಣೆಯಾಯಿತು. ನಮ್ಮದು ತತ್ತಿ ಒಳಗೆ ಬಾರದ ಮನೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಾಲ್ಕನಿಯಲ್ಲಿ ಒಂದು ಸಣ್ಣ ಸ್ಟವ್ವು, ಒಂದು ಹಳೆ ಬೋಗುಣಿ ಬಂದು ಕೂತವು. ಮೂಗಿಗೆ ಸೆರಗು ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿ ತತ್ತಿ ಕುದಿಸುತ್ತಿದ್ದಳು. ಸುಲಿಯುವುದು ನನ್ನ ಕೆಲಸ. "ದೇವರು ನೋಡಂಗಿಲ್ಲೇನು?" ಎಂದು ಅಕ್ಕ ಕಾಡಿಸಿದರೆ, "ದೇವರ ಕೋಲಿ ಹಿಂದ ಅದ, ಬಾಲ್ಕನಿ ಮುಂದ ಅದ. ನೀ ಬಾಯಿ ಮುಚ್ಚು" ಅನ್ನುತ್ತಿದ್ದಳು. ಒಪ್ಪದ ಅವ್ವ ಹೀಗೆ ಒಪ್ಪಿದಳು.

ಭಾನುವಾರ ದಮ್ಮಿಗಾಗಿ ಫುಟ್‌ಬಾಲ್. ಒಂದು ಪಾರ್ಟಿಗೆ ಕೆಂಪು ಬನಿಯನ್, ಇನ್ನೊಂದಕ್ಕೆ ಹಸಿರು. ನಾನು ಜೀವ ಕೊಟ್ಟು ಚೆಂಡು ತಂದು ಎದುರು ಪಾರ್ಟಿಯವನ ಕಾಲಿಗೆ ಕೊಡುತ್ತಿದ್ದೆ. ಒಮ್ಮೆಯಲ್ಲ, ವಾರವಾರವೂ. ಉಸ್ತಾದ್ ಸೀಟಿ ಊದಿ ಆಟ ನಿಲ್ಲಿಸಿ, "ಏ ಕಾನಡಿ, ನೀನು ಯಾವ ಕಡೆಯವನೋ? ಗಡಿ ತಂಟೆಯನ್ನ ಇಲ್ಲಿಗೂ ತಂದೆಯಾ?" ಎಂದರು. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಕನ್ನಡದವನಿಗೆ ಪುಣೆಯಲ್ಲಿ ಇಷ್ಟು ಚೇಷ್ಟೆ ದಿನಾ ಇದ್ದದ್ದೇ. ಆಮೇಲೆ ಮುಖ ನೋಡಿಯೇ ಚೆಂಡು ಕೊಡುವುದನ್ನು ಕಲಿತೆ.

ಒಂದು ವರ್ಷ ಹೀಗೆ ಓಡಿದೆ. ಕಂಪ್ಯೂಟರಿನ ಮುಂದಿನ ಪರೀಕ್ಷೆ ಪಾಸಾಯಿತು. ಓಟದ ದಿನ ಗುಂಪಿನಲ್ಲಿ ಮುಂದಿನವರಲ್ಲಿ ಬಂದೆ. ಅಡ್ಡ ಸರಳಿಗೆ ಜೋತು ಮೈ ಮೇಲೆಳೆಯುವುದರಲ್ಲಿ ಪೂರ್ಣ ಅಂಕ. ಅಪ್ಪ ಹಿಂಜವಾಡಿಯಿಂದ ಫೋನ್ ಮಾಡಿ, ಗಾಡಿಯಲ್ಲಿ ಜನ ಇದ್ದಾರೆಂಬುದನ್ನೂ ಮರೆತು, "ಓಡಿದ್ಯಾ? ಮುಂದ ಬಂದ್ಯಾ?" ಎಂದು ಕನ್ನಡದಲ್ಲಿ ಒದರಿದ. ಉಳಿದದ್ದು ಮೆಡಿಕಲ್ ಒಂದೇ. ಎತ್ತಿನಂಥ ಮೈ, ಅದೇನು ದೊಡ್ಡ ಮಾತು ಎಂದು ಉಸ್ತಾದರೂ ಅಂದರು.

ಮೆಡಿಕಲ್ಲಿಗೆ ಮೊದಲು ಅವ್ವ ಜೇಜುರಿಗೆ ಕರೆದೊಯ್ದಳು. ಮರಾಠಿಯವರ ಖಂಡೋಬಾ ನಮ್ಮ ಮೈಲಾರಲಿಂಗ. ಜನ "ಯಳಕೋಟ ಯಳಕೋಟ" ಎಂದು ಕೂಗಿ ಅರಿಶಿನದ ಪುಡಿ ಎರಚುತ್ತಿದ್ದರು. "ಅದು ನಮ್ಮ ಏಳು ಕೋಟಿ. ಇವ್ರಿಗೆ ಅರ್ಥನ ಗೊತ್ತಿಲ್ಲ, ಕೂಗತಾರ" ಎಂದು ಅವ್ವ ಪ್ರತಿ ಸಲದಂತೆ ಹೆಮ್ಮೆಪಟ್ಟಳು. ಮೆಟ್ಟಿಲು, ಕಂಬ, ಜನರ ಕೂದಲು ಎಲ್ಲ ಹಳದಿ. ಹಳದಿಯಲ್ಲಿ ನಾನು ಯಾವತ್ತೂ ತಪ್ಪಿದವನಲ್ಲ. ಅವ್ವ ನನ್ನ ಹಣೆಗೆ ಅರಿಶಿನ ಬಳಿದು, ಗರ್ಭಗುಡಿಯ ಕಡೆ ನೋಡಿ, "ಇವನ್ನ ತೊಗೋರಿ, ಆದ್ರ ತಿರುಗಿ ಕೊಡ್ರಿ" ಎಂದಳು. ಅದು ದೇವರಿಗೆ ಹೇಳಿದ್ದೋ ಸೈನ್ಯಕ್ಕೆ ಹೇಳಿದ್ದೋ ನನಗೆ ತಿಳಿಯಲಿಲ್ಲ.

ಮೆಡಿಕಲ್ ದಿನ ಎತ್ತರ, ಎದೆ, ಮೊಣಕಾಲು, ಕಿವಿ, ಹಲ್ಲು ಎಲ್ಲ ಆಯಿತು. ದೂರದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಡಗಡ ಓದಿದೆ. ಆಮೇಲೆ ಡಾಕ್ಟರರು ಒಂದು ಪುಸ್ತಕ ತೆರೆದರು. ಹಾಳೆಯ ತುಂಬ ಚುಕ್ಕಿ, ಚುಕ್ಕಿಗಳ ನಡುವೆ ಒಂದು ಅಂಕಿ. ಮೊದಲನೆಯದು ಹನ್ನೆರಡು. ಹೇಳಿದೆ. ಹಾಳೆ ತಿರುವಿದರು. ಚುಕ್ಕಿಗಳಿದ್ದವು. ಅಂಕಿ ಇರಲಿಲ್ಲ.

ನಾನು ಹಾಳೆಯ ಮೇಲೆ ಬಗ್ಗಿ ನೋಡಿದೆ. ಅವರು ಇನ್ನೊಂದು ತಿರುವಿದರು. ಅಲ್ಲೂ ಚುಕ್ಕಿ. ಅವರು ಹಿಂದಿಯಲ್ಲಿ ಕೇಳಿದ್ದು ನನಗೆ ಸರಿಯಾಗಿ ತಿಳಿದಿಲ್ಲ ಅನ್ನಿಸಿತು. ಹುಟ್ಟಿದಾಗಿನಿಂದ ಇದ್ದ ಅಭ್ಯಾಸವಲ್ಲವೇ, ಏನು ತೊಡಕಾದರೂ ಭಾಷೆಯದು. "ಸರ್, ನನ್ನ ಹಿಂದಿ ಅಷ್ಟು ಚೆನ್ನಾಗಿಲ್ಲ. ಮರಾಠಿಯಲ್ಲಿ ಹೇಳಲೇ?" ಎಂದೆ.

ಡಾಕ್ಟರರು ತಲೆ ಎತ್ತಿದರು. ಅವರು ಗದರಿಸಲಿಲ್ಲ. "ಬೇಟಾ, ನಂಬರ್ ಕೇಳುತ್ತಿದ್ದೇನೆ. ನಂಬರಿಗೆ ಯಾವ ಭಾಷೆ?" ಎಂದರು.

ನಂಬರಿಗೆ ಯಾವ ಭಾಷೆ. ನನ್ನ ಹಿಂದೆ ನಿಂತ ಹುಡುಗ ಪುಸ್ತಕದ ಕಡೆ ಕತ್ತು ಚಾಚಿ, ಗಂಟಲಲ್ಲೇ, ಎಪ್ಪತ್ನಾಲ್ಕು, ಎಪ್ಪತ್ನಾಲ್ಕು ಎಂದು ನನಗೆ ಸಹಾಯ ಮಾಡುತ್ತಿದ್ದ. ಅವನಿಗೆ ಅದು ಗೋಡೆಯ ಮೇಲೆ ಬರೆದಷ್ಟು ಸ್ಪಷ್ಟ. ಮೆಣಸಿನಕಾಯಿ, ಪೆನ್ಸಿಲ್, ಬನಿಯನ್, ಎಲ್ಲ ಒಂದೇ ಏಟಿಗೆ ಬಂದು ಎದೆಗೆ ಗುದ್ದಿದವು. ನನಗೆ ಕನ್ನಡ ಸರಿಯಾಗಿಯೇ ಬರುತ್ತಿತ್ತು. ಮರಾಠಿಯೂ ಬರುತ್ತಿತ್ತು. ಕೆಂಪು ಮತ್ತು ಹಸಿರು ಎಂಬ ಎರಡು ಮಾತು ಜನ ಯಾಕೆ ಇಟ್ಟುಕೊಂಡಿದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅನರ್ಹ ಎಂದರು. ಬೇಕಾದರೆ ಸೈನ್ಯದ ದೊಡ್ಡ ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೋರಿಸಿಕೊಳ್ಳಬಹುದು, ದಿನ ಕೊಡುತ್ತೇವೆ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ತುತ್ತು ತುಟಿಗೆ ತಾಗಿ ಬಿತ್ತು.

ಉಸ್ತಾದರ ಬಳಿ ಹೋದೆ. ಅವರು ಹೊಸ ಹುಡುಗರನ್ನು ಓಡಿಸುತ್ತಿದ್ದರು. ಸೀಟಿ ಬಾಯಿಂದ ತೆಗೆದು ಪೂರ್ತಿ ಕೇಳಿದರು. "ಮೊಣಕಾಲು ಒಂದಕ್ಕೊಂದು ಕೂಡ್ತಾವೆ ಅಂದಿದ್ದರೆ ಸರಿ ಮಾಡ್ತಿದ್ದೆ. ತೂಕ ಕಡಿಮೆ ಅಂದಿದ್ದರೆ ತುಂಬಿಸ್ತಿದ್ದೆ. ಇದಕ್ಕೆ ಏನು ಓಡಿಸಲಿ ಮಗಾ, ಕಣ್ಣನ್ನ ಎಲ್ಲಿ ಓಡಿಸಲಿ?" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನನ್ನ ಹೆಗಲ ಮೇಲೆ ಕೈ ಇಟ್ಟು ಹಾಗೆ ನಿಂತರು, ಅದನ್ನು ತಾಳಲಾಗಲಿಲ್ಲ.

ಅವ್ವನಿಗೆ, ಇನ್ನೊಂದು ಟೆಸ್ಟ್ ಇದೆ ಎಂದಷ್ಟೇ ಹೇಳಿದೆವು. ಅಪ್ಪ ಒಂದು ದಿನ ರಜೆ ಹಾಕಿ ನನ್ನನ್ನು ಕಣ್ಣಿನ ಡಾಕ್ಟರರ ಬಳಿಗೆ ಕರೆದೊಯ್ದ. ಅವರಲ್ಲೂ ಅದೇ ಪುಸ್ತಕ. ಅಪ್ಪ ನನ್ನ ಹಿಂದೆ ನಿಂತು ನೋಡುತ್ತಿದ್ದ, ಅಂಕಿಗಳು ಅವನಿಗೆ ಕಾಣುತ್ತಿದ್ದವು, ಅವನ ಉಸಿರಿನಲ್ಲೇ ಅದು ಗೊತ್ತಾಗುತ್ತಿತ್ತು. ಔಷಧ ಏನು ಎಂದು ಕೇಳಿದ. ಔಷಧ ಇಲ್ಲ, ಆಪರೇಷನ್ ಇಲ್ಲ, ಹುಟ್ಟಿನಿಂದ ಬಂದದ್ದು ಎಂದರು ಡಾಕ್ಟರರು. "ಯಾರಿಂದ?" ಎಂದ ಅಪ್ಪ. "ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ತಾಯಿಗೆ ತೊಂದರೆ ಇರುವುದಿಲ್ಲ, ಆಕೆಗೆ ಗೊತ್ತೂ ಇರುವುದಿಲ್ಲ. ಆಕೆಯ ತಂದೆಗೋ ಅಣ್ಣತಮ್ಮಂದಿರಿಗೋ ಇದ್ದಿರಬಹುದು." ಅಪ್ಪ "ಹೌದು ಸರ್" ಎಂದ. ಅವನಿಗೆ ಬೇರೆ ಏನು ಅನ್ನಬೇಕೋ ತಿಳಿಯದಾಗ ಅದನ್ನೇ ಅನ್ನುತ್ತಾನೆ.

ಬರುವಾಗ ಬೈಕು ಸಿಗ್ನಲ್ಲಿನಲ್ಲಿ ನಿಂತಿತು. ಅಪ್ಪ ಹಿಂದೆ ತಿರುಗದೆ ಕೇಳಿದ, "ನೀ ಸಿಗ್ನಲ್ ಹೆಂಗ ನೋಡ್ತಿ?"

"ಮ್ಯಾಲಿಂದು ಹತ್ತಿದ್ರ ನಿಂದ್ರತೀನಿ. ಕೆಳಗಿಂದು ಹತ್ತಿದ್ರ ಹೋಗ್ತೀನಿ."

ಅವನು ತಲೆಯಾಡಿಸಿದ. ಇಷ್ಟು ವರ್ಷ ಗಾಡಿ ಓಡಿಸಿದವನು. ಹಿಂದಿನವರು ಹಾರ್ನ್ ಬಾರಿಸುವವರೆಗೂ ಅವನು ಬೈಕು ಬಿಡಲಿಲ್ಲ.

ಮತ್ತೊಮ್ಮೆ ತೋರಿಸುವ ದಿನ ದೂರವಿರಲಿಲ್ಲ. ಅಕಾಡೆಮಿಯ ಗೆಳೆಯನೊಬ್ಬ ಆ ಚುಕ್ಕಿಗಳ ಹಾಳೆಗಳನ್ನು ಫೋನಿಗೆ ಕಳಿಸಿ, ಬಾಯಿಪಾಠ ಮಾಡು ಎಂದ. ಸರಿಯೋ ತಪ್ಪೋ, ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ, ನಾನೂ ಹಿಡಿದೆ. ಸಂಜೆ ಡ್ಯೂಟಿ ಮುಗಿಸಿ ಬಂದು ಅಪ್ಪ ನನ್ನೊಡನೆ ಮಾಳಿಗೆಯ ಮೇಲೆ ಕೂರುತ್ತಿದ್ದ. ಒಂದೊಂದೇ ಹಾಳೆ ತೋರಿಸಿ ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದ. ಈ ಹಾಳೆಯ ಎಡ ಮೂಲೆಯಲ್ಲಿ ದೊಡ್ಡ ಚುಕ್ಕಿ, ಆದ್ದರಿಂದ ಇದು ಆರು. ಇದರ ತುದಿಯಲ್ಲಿ ಸಣ್ಣವು ಜೋಡಿ, ಆದ್ದರಿಂದ ಇದು ನಲವತ್ತೈದು. ಕೆಲವು ಸಲ ಅವನು ಬೆರಳಿನಿಂದ ಫೋನಿನ ಮೇಲೆ ಅಂಕಿಯನ್ನು ತಿದ್ದಿ ತೋರಿಸುತ್ತಿದ್ದ. "ಇಲ್ಲಿ ನೋಡಪಾ, ಹಿಂಗ ಬಂದು, ಹಿಂಗ ತಿರುಗಿ, ಹಿಂಗ. ಕಾಣ್ತದಲ್ಲ?" ಎರಡನೆಯ ಸಲ ಅದೇ ದಾರಿಯಲ್ಲಿ ಬೆರಳಾಡಿಸಿ, ಇನ್ನೂ ನಿಧಾನವಾಗಿ, "ಈಗ?" ಅನ್ನುತ್ತಿದ್ದ. ಅವನ ಬೆರಳು ಕಾಣುತ್ತಿತ್ತು. ಒಮ್ಮೆ ಸೋತು ಕಾಣ್ತದ ಅಂದುಬಿಟ್ಟೆ. ಅವನಿಗೆ ಆದ ಸಂತೋಷ ನೋಡಿ ನನಗೆ ಅಳು ಬಂತು. ಅಳು ನೋಡಿ ಅವನಿಗೆ ಎಲ್ಲ ತಿಳಿಯಿತು. ಫೋನು ಆರಿಸಿ ಜೇಬಿಗೆ ಹಾಕಿಕೊಂಡ.

ದೊಡ್ಡ ಆಸ್ಪತ್ರೆಯಲ್ಲಿ ಪುಸ್ತಕ ಬೇರೆಯಿತ್ತು. ಚುಕ್ಕಿಗಳ ಜೋಡಣೆ ಬೇರೆ, ಮೂಲೆಯ ದೊಡ್ಡ ಚುಕ್ಕಿ ಎಲ್ಲೂ ಇಲ್ಲ. ಆರು ಅಂದೆ, ನಲವತ್ತೈದು ಅಂದೆ, ಕಲಿತದ್ದನ್ನೆಲ್ಲ ಸಾಲಾಗಿ ಅಂದೆ. ಡಾಕ್ಟರರು ಅರ್ಧಕ್ಕೇ ಪುಸ್ತಕ ಮುಚ್ಚಿದರು. ನಾನು ಅರ್ಜಿ ಹಾಕಿದ ಕೆಲಸಕ್ಕೆ ಆಗುವುದಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ ಎಂದು ಬರೆದುಕೊಟ್ಟರು. ಹೊರಗೆ ಬೇವಿನ ಮರದ ಕೆಳಗೆ ಅಪ್ಪ ನನ್ನ ಬೂಟು ಹಿಡಿದುಕೊಂಡು ನಿಂತಿದ್ದ. ನನ್ನ ಮುಖ ನೋಡಿ ಬೂಟು ಕೆಳಗಿಟ್ಟ. ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು. ಬಡಿಯಲು ಯಾರೂ ಇರಲಿಲ್ಲ, ಅದೇ ದೊಡ್ಡ ಕಷ್ಟ. ಓಡದೆ ಸೋತಿದ್ದರೆ ನನ್ನನ್ನೇ ಬಯ್ದುಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ತಾಯಿಯಿಂದ ಎಂಬ ಆ ಮಾತು ಅವ್ವನ ಕಿವಿಗೆ ಬೀಳಬಾರದು. ಅಪ್ಪನಿಗೆ ಇದನ್ನು ಹೇಗೆ ಹೇಳಲಿ ಎಂದು ಬಾಯಿ ತೆರೆದೆ, ಮುಚ್ಚಿದೆ, ಅಷ್ಟರಲ್ಲಿ ಮನೆ ಬಂತು.

ಅವ್ವ ಬಾಗಿಲಲ್ಲೇ ಇದ್ದಳು. ಅಪ್ಪ ಎಲ್ಲವನ್ನೂ ಹೇಳಿದ, ಚುಕ್ಕಿ, ಬಣ್ಣ, ಇನ್ನು ಆಗುವುದಿಲ್ಲ ಎಂಬುದು. ಅವಳು ಕೂತುಬಿಟ್ಟಳು. ಸ್ವಲ್ಪ ಹೊತ್ತು ನನ್ನ ಕಣ್ಣುಗಳನ್ನೇ ನೋಡಿದಳು, ಅಲ್ಲಿ ಏನೋ ಬಿದ್ದಿದೆ, ಊದಿ ತೆಗೆಯಬಹುದು ಅನ್ನುವ ಹಾಗೆ.

"ಯಾಕ ಬಂತ್ರಿ ಇದು ನನ್ನ ಮಗಗ? ನಾ ಏನರೆ ತಿನ್ನಬಾರದ್ದು ತಿಂದಿದ್ನೇನು ಇವ ಹೊಟ್ಯಾಗಿದ್ದಾಗ? ಡಾಕ್ಟರ್ ಏನರೆ ಅಂದಿರಬೇಕಲ್ಲ. ಯಾರಿಂದ ಬಂತಂತ?"

ಹಂಗ ಬರ್ತದಂತ ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಬಗ್ಗಿ ಚಪ್ಪಲಿ ಬಿಡುತ್ತ, ಅತ್ತ ತಿರುಗಿಕೊಂಡೇ ಹೇಳಿದ: "ನಮ್ಮ ಕಡಿಂದ ಬಂದದ್ದಂತ. ನಮ್ಮಪ್ಪಗ ಇದ್ದಿರಬೇಕು."

ಅವ್ವ ಅವನನ್ನೇ ನೋಡಿದಳು. ಆಮೇಲೆ ಸುರುವಾಯಿತು. "ನನಗ ಗೊತ್ತಿತ್ರಿ. ನಿಮ್ಮ ಮನಿತನದಾಗ ಯಾವುದು ನೆಟ್ಟಗದ? ವರ್ಷಪೂರ್ತಿ ಕತ್ತಲಾಗ ಎದ್ದು ಓಡಿತ್ರಿ ಕೂಸು. ನಾ ಬೋಗುಣ್ಯಾಗ ತತ್ತಿ ಕುದಿಸಿದೆ, ನಾ! ಏನರೆ ಒಂದು ಛಲೋದು ಕೊಟ್ಟೀರೇನು ನೀವು ಇವಗ? ಕೊಟ್ರಿ ಕೊಟ್ರಿ, ಇದನ್ನ ಕೊಟ್ರಿ." ಅಳುತ್ತ ಬಯ್ದಳು, ಬಯ್ಯುತ್ತ ಅತ್ತಳು. ಅಪ್ಪನ ಅಪ್ಪ, ತೀರಿಹೋದ ಮುತ್ಯಾನನ್ನೂ ಬಿಡಲಿಲ್ಲ. ಅಪ್ಪ ಗೋಡೆಗೆ ಒರಗಿ ಕೂತು, ತಲೆ ಕೆಳಗೆ ಹಾಕಿಕೊಂಡು, ನಡುನಡುವೆ "ಹೌದು" ಎನ್ನುತ್ತಿದ್ದ. "ನಮ್ಮವರದ ತಪ್ಪು. ಹೌದು."

ನಾನು ಬಾಗಿಲ ಬಳಿ ನಿಂತಿದ್ದೆ. ನಿಜ ಹೇಳಿದರೆ ಅವ್ವ ಜೀವನಪೂರ್ತಿ ಎದ್ದು ನಿಲ್ಲುವುದಿಲ್ಲ, ಹೇಳದಿದ್ದರೆ ಅಪ್ಪ ಜೀವನಪೂರ್ತಿ ಹೀಗೆ ಬಯ್ಯಿಸಿಕೊಳ್ಳುತ್ತಾನೆ. ಅವನು ಒಮ್ಮೆ ಮಾತ್ರ ತಲೆ ಎತ್ತಿ ನನ್ನ ಕಡೆ ನೋಡಿ, ಬೇಡ ಎನ್ನುವಂತೆ ಸಣ್ಣಗೆ ಕತ್ತು ಆಡಿಸಿದ. ಅವ್ವ ಇನ್ನೂ ಬಯ್ಯುತ್ತಿದ್ದಳು. ನಾನು ಒಳಗೆ ಹೋಗಿ ಅಪ್ಪನಿಗೆ ಒಂದು ಲೋಟ ನೀರು ತಂದುಕೊಟ್ಟೆ.